ಅಪ್ಪನ ಮೋಟರ್ ಸೈಕಲ್ಲಿಗೆ ಎರಡು ಮಾರ್ಕ್ಸು ಕಡಿಮೆ

ಫಾರ್ಮಿನ ಏಳನೆಯ ಪ್ರಶ್ನೆ ಹೀಗಿತ್ತು: ‘ನಿಮ್ಮ ವಾಹನದಲ್ಲಿ ಶೇಕಡಾ ಎಷ್ಟು ಭಾಗ ಒರಿಜಿನಲ್?’

ನಾನು ಪೆನ್ನು ಕೆಳಗಿಟ್ಟೆ. ಎಪ್ಪತ್ತಾರು ವರ್ಷದ ಹೆಂಗಸನ್ನು ಬೆಳಗಿನ ಕಾಫಿಗೆ ಮುಂಚೆ ಕೇಳುವ ಪ್ರಶ್ನೆಯೇ ಇದು? ಎರಡೂ ಕಣ್ಣಿಗೆ ಹೊಸ ಲೆನ್ಸು ಬಿದ್ದು ಮೂರು ವರ್ಷವಾಯಿತು. ಮೇಲಿನ ಸಾಲಿನ ಹಲ್ಲುಗಳು ಮಂಡ್ಯದ ಡೆಂಟಿಸ್ಟ್ ಒಬ್ಬರ ಕೈಚಳಕ. ಕೂದಲಿನ ವಿಷಯ ನೀವು ಕೇಳಬಾರದು, ನಾನು ಹೇಳಬಾರದು. ನಾಲಿಗೆಯೊಂದು ಮಾತ್ರ ಹುಟ್ಟಿದಾಗ ಬಂದದ್ದೇ ಎಂದು ನನ್ನ ತಮ್ಮ ನಿಂಗರಾಜು ಸರ್ಟಿಫಿಕೇಟ್ ಕೊಡುತ್ತಾನೆ. ಅದೂ ಒಂದು ಚೂರೂ ಸವೆಯದೆ, ಫಸ್ಟ್‌ಕ್ಲಾಸ್ ಕಂಡಿಷನ್ನಿನಲ್ಲಿ.

ಫಾರ್ಮು ಪಾಪ, ನನ್ನ ಬಗ್ಗೆ ಕೇಳಿರಲಿಲ್ಲ. ಕೇಳಿದ್ದು ನಮ್ಮಪ್ಪನ ಮೋಟರ್ ಸೈಕಲ್ಲಿನ ಬಗ್ಗೆ. ಮೈಸೂರಿನಲ್ಲಿ ಹಳೆಯ ಗಾಡಿಗಳ ಹುಚ್ಚು ಹಿಡಿದವರ ಒಂದು ಕ್ಲಬ್ಬು ಇದೆ. ಅವರು ಮೈಸೂರಿನಿಂದ ಹೊರಟು ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿ ಬರುವ ವಿಂಟೇಜ್ ರ‍್ಯಾಲಿಯೊಂದನ್ನು ಇಟ್ಟುಕೊಂಡಿದ್ದರು. ಸುಮ್ಮನೆ ಗಾಡಿ ತೆಗೆದುಕೊಂಡು ಹೋಗಿ ಸೇರಿಕೊಳ್ಳುವ ಹಾಗಿಲ್ಲ. ಗಾಡಿಯ ಚರಿತ್ರೆ ಬರೆಯಬೇಕು, ಎಕ್ಸ್‌ಪರ್ಟು ಬಂದು ನೋಡಬೇಕು, ನೂರಕ್ಕೆ ಅರವತ್ತು ಮಾರ್ಕ್ಸು ಬರಬೇಕು. ನನಗೆ ಆ ಅರವತ್ತು ಬೇಕೇ ಬೇಕಾಗಿತ್ತು. ಯಾಕೆಂದರೆ ಅಪ್ಪನ ಮೋಟರ್ ಸೈಕಲ್ಲು ಓಡುವಾಗ ನಾನು ಅದರ ಮೇಲೆ ಜನ್ಮದಲ್ಲಿ ಒಂದು ಸಲವೂ ಕೂತವಳಲ್ಲ.

ನಿಂತಾಗ ಎಷ್ಟೋ ಸಲ ಕೂತಿದ್ದೇನೆ. ಮದ್ದೂರು ತಾಲ್ಲೂಕಿನ ಕೊಪ್ಪದ ನಮ್ಮ ಮನೆಯ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದಾಗ ಹತ್ತಿ, ಹ್ಯಾಂಡಲ್ ಹಿಡಿದು, ಬಾಯಲ್ಲೇ ಸದ್ದು ಮಾಡುತ್ತ ಲಂಡನ್ನಿಗೂ ಪ್ಯಾರಿಸ್ಸಿಗೂ ಹೋಗಿ ಊಟದ ಹೊತ್ತಿಗೆ ವಾಪಸ್ ಬಂದಿದ್ದೇನೆ. ಅಪ್ಪ ಕೀಲಿ ಹಿಡಿದು ಹೊರಗೆ ಬಂದರೆ ಮಾತ್ರ ಇಳಿಯಬೇಕು. ಅದು ನಮ್ಮಜ್ಜಿಯ ಕಾನೂನು. “ಎಣ್ಣೈಕ್ಳು ಅದ್ರ ಮೇಲೆ ಕಾಲಾಕ್ಕಂಡು ಊರೆಲ್ಲಾ ಸುತ್ತುದ್ರೆ ನಾಳಿಕ್ಕೆ ಯಾವನ್ಲಾ ಕಟ್ಕಂಡಾನು?” ಎಂದು ಅಪ್ಪನನ್ನು ಕೇಳುತ್ತಿದ್ದಳು. ಊರಿಗೆಲ್ಲ ಡಾಕ್ಟರಾದ ಅಪ್ಪ ತಮ್ಮ ಅಮ್ಮನೆದುರು ಕಾಂಪೌಂಡರಿಗಿಂತ ಕಡೆ. ಅದೇ ಅಜ್ಜಿ, ಮಗ ಮೊಮ್ಮಗಳನ್ನು ಮೈಸೂರಿನ ಕಾನ್ವೆಂಟಿಗೆ ಹಾಕಿದಾಗ ಎಳ್ಳಷ್ಟೂ ತಕರಾರು ಮಾಡಲಿಲ್ಲ. ಇಂಗ್ಲಿಷಿಗೆ ಪರ್ಮಿಷನ್ ಇತ್ತು, ಪಿಲಿಯನ್ನಿಗೆ ಇರಲಿಲ್ಲ. ನನಗಿಂತ ಆರು ವರ್ಷ ಚಿಕ್ಕವನಾದ ನಿಂಗರಾಜು ಟ್ಯಾಂಕಿನ ಮೇಲೆ ಕೂತು ಮೆರೆದ. ಒಂದು ಸಲ ಕಾಲು ಮುರಿದುಕೊಂಡಿದ್ದ ಮೇಕೆಮರಿಯೊಂದು ಕೂಡ ಗೋಣಿಚೀಲದಲ್ಲಿ ಸುಖವಾಗಿ ಕುಳಿತು ಅಪ್ಪನ ಹಿಂದೆ ಮದ್ದೂರಿಗೆ ಹೋಯಿತು. ನಾನು ಕಿಟಕಿಯಲ್ಲಿ ನಿಂತು ಅದಕ್ಕೆ ಕೈ ಬೀಸಿದೆ. ಅದು ನನ್ನನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ.

ಹೇಳುವುದನ್ನೇ ಮರೆತೆ, ನಮ್ಮಪ್ಪ ದನದ ಡಾಕ್ಟರು. ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲೇ ಸರ್ವೀಸು ಮುಗಿಸಿದವರು. ಅವರ ಗಾಡಿಯ ಸದ್ದು ಊರ ಬಾಗಿಲಿಗೆ ಬಂದರೆ ಸಾಕು, ಮನುಷ್ಯರಿಗಿಂತ ಮೊದಲು ದನಗಳಿಗೆ ಗೊತ್ತಾಗುತ್ತಿತ್ತು. ಕಟ್ಟಿದ್ದ ಹಗ್ಗ ಕಿತ್ತುಕೊಂಡು ಹೋಗಿ ಹುಲ್ಲಿನ ಮೆದೆಯ ಹಿಂದೆ ನಿಲ್ಲುತ್ತಿದ್ದವು. ಸೂಜಿ ಬರುತ್ತಿದೆ ಎಂಬ ನಾಲೆಡ್ಜು. ಪಕ್ಕದ ಮನೆಯ ಎಮ್ಮೆಯಂತೂ ಕೆರೆಗಿಳಿದು ಮೂಗನ್ನಷ್ಟೇ ಮೇಲಿಟ್ಟುಕೊಂಡಿತ್ತು. ದಡದಲ್ಲಿ ಸಿರಿಂಜು ಹಿಡಿದ ಅಪ್ಪ “ಬಾರಮ್ಮ, ನೋವಾಗಲ್ಲ” ಎಂದು ಅದನ್ನು ಒಂದು ಗಂಟೆ ಬೇಡಿಕೊಂಡಿದ್ದಾರೆ. ಆಮೇಲಾಮೇಲೆ ಅರ್ಧ ಫರ್ಲಾಂಗು ಹಿಂದೆಯೇ ಇಂಜಿನ್ ಆಫ್ ಮಾಡಿ, ಕಳ್ಳನ ಹಾಗೆ ಗಾಡಿ ತಳ್ಳಿಕೊಂಡು ಊರೊಳಗೆ ಬರುವುದನ್ನು ಕಲಿತರು.

ಅಪ್ಪ ಹೋದ ಮೇಲೆ ಗಾಡಿ ನಿಂಗರಾಜುವಿನ ಕೊಟ್ಟಿಗೆ ಸೇರಿತು. ಪ್ರತಿ ಆಯುಧಪೂಜೆಗೆ ಗೋಣಿಚೀಲ ಸರಿಸಿ, ತೊಳೆದು, ಕಿಕ್ಕರ್ ಒದ್ದು ಒದ್ದು ಹೇಗೋ ಸ್ಟಾರ್ಟ್ ಮಾಡಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಅಂಗಳದಲ್ಲಿ ಒಂದು ಸುತ್ತು ಹೊಡೆದು ಮತ್ತೆ ಹೊದಿಸಿಬಿಡುತ್ತಾನೆ. ನಾನು ಊರೂರಿನಲ್ಲಿ ಇಂಗ್ಲಿಷ್ ಟೀಚರಾಗಿ, ರಿಟೈರಾಗಿ, ಈಗ ಮಂಡ್ಯದಲ್ಲಿದ್ದೇನೆ. ಪೇಪರಿನಲ್ಲಿ ರ‍್ಯಾಲಿಯ ಸುದ್ದಿ ಓದಿದವಳೇ ಕೊಪ್ಪದ ಬಸ್ಸು ಹತ್ತಿದೆ.

“ನನ್ನನ್ನು ಒಂದು ಸಲ ಕೂರಿಸಿಕೊಂಡು ಹೋಗೋ” ಎಂದೆ.

“ರೋಡಿಗೆ ಇಳ್ಸಂಗಿಲ್ಲ ಕಣಕ್ಕ” ಎಂದ ನಿಂಗರಾಜು. “ರಿಜಿಸ್ಟ್ರೇಸನ್ ಮುಗ್ದೋಗಿ ಯಾವ್ ಕಾಲ ಆಯ್ತು. ಪೋಲೀಸ್ನೋರು ಇಡ್ಕಂಡ್ರೆ ಈ ವಯಸ್ನಲ್ಲಿ ನೀನೂ ನಾನೂ ಸ್ಟೇಸನ್ ಬೆಂಚ್ ಮೇಲೆ ಕುಂತಿರ್ಬೇಕು. ನೀನು ಬ್ಯಾರೆ ಅವ್ರ ಇಂಗ್ಲೀಸ್ ತಿದ್ದಕ್ಕೆ ಓಯ್ತೀಯ. ಕ್ಲಬ್ನೋರು ಅವತ್ತೊಂದಿನ ಪರ್ಮಿಟ್ ಕೊಡುಸ್ತರೆ ಅಂತೀಯಲ್ಲ, ಪಾಸ್ ಮಾಡ್ಸು ಮೊದ್ಲು. ಆಮ್ಯಾಕೆ ಮಳವಳ್ಳಿಗಂಟ ಕೂರುಸ್ಕಂಡು ಓಯ್ತೀನಿ.”

ಹೀಗೆ ನಾನು ರಿಸರ್ಚ್ ಸ್ಕಾಲರ್ ಆದೆ.

ಚರಿತ್ರೆಯ ಕಾಲಂ ತುಂಬುವುದು ನನಗೆ ನೀರು ಕುಡಿದಷ್ಟು ಸುಲಭವಾಗಿತ್ತು. ನಮ್ಮ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರುವ ಕಥೆ: ಮೈಸೂರಿನಲ್ಲಿದ್ದ ಒಬ್ಬ ಇಂಗ್ಲಿಷ್ ಕರ್ನಲ್ಲು, ಅವನ ಪ್ರೀತಿಯ ಕುದುರೆಗೆ ಕಾಯಿಲೆ, ಎಲ್ಲರೂ ಕೈಬಿಟ್ಟ ಮೇಲೆ ನಮ್ಮಪ್ಪನ ಔಷಧಿಯಿಂದ ಅದು ಎದ್ದು ನಿಂತದ್ದು, ಕರ್ನಲ್ ದೇಶ ಬಿಟ್ಟು ಹೋಗುವಾಗ ಕಣ್ಣೀರು ಹಾಕಿಕೊಂಡು ತನ್ನ ಮೋಟರ್ ಸೈಕಲ್ಲನ್ನು ಅಪ್ಪನಿಗೆ ಒಪ್ಪಿಸಿದ್ದು. ಎಲ್ಲವನ್ನೂ ಒಳ್ಳೆಯ ಇಂಗ್ಲಿಷಿನಲ್ಲಿ, ಎರಡು ಸೆಮಿಕೋಲನ್ ಹಾಕಿ ಬರೆದೆ. ಓದಿಕೊಂಡಾಗ ನನ್ನ ಕಣ್ಣೂ ತೇವವಾಯಿತು.

ಫಾರ್ಮು ಪೋಸ್ಟ್ ಮಾಡಿದ ಮೇಲೆ ತೊಂದರೆ ಬಂದದ್ದು ಚಾಸಿ ನಂಬರಿನಿಂದ. ಆರ್‌ಸಿ ಪುಸ್ತಕವನ್ನು ಗೆದ್ದಲು ಓದಿ ಮುಗಿಸಿದ್ದರಿಂದ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕಾಗಿತ್ತು. ಅಂದರೆ, ಕಬ್ಬಿಣದ ಮೇಲೆ ಕೆತ್ತಿರುವ ನಂಬರಿಗೆ ಕಾಗದ ಒತ್ತಿ ಹಿಡಿದು ಮೇಲೆ ಪೆನ್ಸಿಲ್ ಉಜ್ಜುವುದು. ಮದ್ದೂರಿನ ಮೆಕಾನಿಕ್ ಪಾಷಾನನ್ನು ಕರೆಸಿದೆವು. ಅವನ ತಂದೆಯೂ ಮೆಕಾನಿಕ್ಕೇ. ಅಪ್ಪನ ಗಾಡಿಗೆ ಫ್ಯಾಮಿಲಿ ಡಾಕ್ಟರು. ಪಾಷಾನಿಗೂ ಈಗ ಅರವತ್ತು ದಾಟಿದೆ.

“ಬಣ್ಣ ಕೆರೀದಿದ್ರೆ ನಂಬರು ಕಾಣ್ಸಲ್ಲ ಮೇಡಂ” ಎಂದು ಅವನು ಕೆರೆಯತೊಡಗಿದ. ಕೆರೆದಂತೆ ನಮ್ಮ ಮನೆತನದ ಪುರಾಣವೆಲ್ಲ ಈಚೆ ಬಂತು. ನಮ್ಮಲ್ಲಿ ಯಾವುದಕ್ಕೆ ಬಣ್ಣ ಹೊಡೆದರೂ ಉಳಿದ ಡಬ್ಬ ಗಾಡಿಗೇ. ಮೇಲೆ ನಿಂಗರಾಜುವಿನ ಟ್ರ್ಯಾಕ್ಟರಿನ ಕೆಂಪು. ಅದರ ಕೆಳಗೆ ನನ್ನ ಮದುವೆಗೆಂದು ಕಿಟಕಿಗಳಿಗೆ ಬಳಿದ ಹಸಿರು. ಅದರ ಕೆಳಗೆ, ಯಾರಿಗೂ ನೆನಪಿಲ್ಲದ ಒಂದು ನೀಲಿ. ನಂಬರು ಸಿಕ್ಕಿತು, ಪ್ರಿಂಟೂ ಚೆನ್ನಾಗಿ ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನನಗೆ ರಿಸರ್ಚಿನ ಚಪಲ. “ಟ್ಯಾಂಕಿನ ಮೇಲೂ ಸ್ವಲ್ಪ ಕೆರಿ, ಕಂಪನಿಯ ಹೆಸರು ಸಿಗಬಹುದು” ಎಂದೆ. ಪಾಷಾ ಕೆರೆದ. ಕಪ್ಪು ಬಣ್ಣದ ಮೇಲೆ ಬಂಗಾರದ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಇಂಗ್ಲಿಷಿನಲ್ಲಿ, ಬಳ್ಳಿ ಸುತ್ತಿದ ಚೆಂದದ ಬರಹ: ‘ಫ್ರೆಶ್ ಡೈಲಿ’. ಅದರ ಪಕ್ಕದಲ್ಲಿ ಹೊಗೆಯಾಡುತ್ತಿರುವ ಒಂದು ಬನ್ನಿನ ಚಿತ್ರ.

ನಾವು ಮೂವರೂ ಆ ಬನ್ನನ್ನು ನೋಡುತ್ತ ನಿಂತೆವು.

“ಕರ್ನಲ್ಲಿಗೆ ಬನ್ ಇಷ್ಟವಿತ್ತೇನೋ” ಎಂದೆ ನಾನು, ಕ್ಷೀಣ ಧ್ವನಿಯಲ್ಲಿ.

ನಿಂಗರಾಜು ಹೆಗಲ ಮೇಲಿನ ಟವಲಿನಿಂದ ಬಾಯಿ ಮುಚ್ಚಿಕೊಂಡ. ಅವನು ನಗುತ್ತಿದ್ದಾನೆಂದು ಹೊಟ್ಟೆ ನೋಡಿದರೆ ಗೊತ್ತಾಗುತ್ತಿತ್ತು. “ಯಾವ್ ಕರ್ನಲ್ಲಕ್ಕ? ಅದು ಮೈಸೂರಲ್ಲಿ ಯಾವ್ದೋ ಬೇಕ್ರಿಯೋರು ಬ್ರೆಡ್ಡು ಬನ್ನು ಆಕ್ತಿದ್ದ ಗಾಡಿ. ಬೇಕ್ರಿ ಮುಚ್ದಾಗ ಅಪ್ಪ ತಗಂಡ್ರು. ಕರ್ನಲ್ಲುನ್ನ ಉಟ್ಸಿದ್ದು ನೀನೇ ಅಲ್ವಾ?”

“ನಾನಾ?”

“ನೀನೇ ಕಣಕ್ಕ! ಕಾನ್ವೆಂಟಲ್ಲಿ ಎಸ್ಸೇ ಬರ್ದು ಪ್ರೈಜ್ ತಗಂಡು ಬಂದು ಜಗ್ಲಿ ಮೇಲೆ ಕುಂತು ಎಲ್ಲಾರ್ಗೂ ಓದಿ ಏಳ್ಲಿಲ್ವಾ? ಅಪ್ಪನೇ ಏಳ್ತಿದ್ರು, ‘ನಮ್ ಮಗ್ಳು ಕುದ್ರೆ ಬ್ಯಾರೆ ತಂದ್ಬುಟ್ಟವ್ಳೆ’ ಅಂತ.”

ಆಗ ನನಗೆ ಎಲ್ಲ ನೆನಪಾಯಿತು. ಹತ್ತು ವರ್ಷದ ನಾನು. ‘ಮೈ ಫಾದರ್ಸ್ ಮೋಟರ್ ಸೈಕಲ್’ ಎಂಬ ವಿಷಯ. ಕ್ಲಾಸಿನಲ್ಲಿ ಅಕ್ಕಪಕ್ಕ ಕಾರಿನವರ ಮಕ್ಕಳು. ಬನ್ನಿನ ಗಾಡಿಯೆಂದು ಬರೆಯುವ ಎದೆ ನನಗಿರಲಿಲ್ಲ. ಪ್ರೈಜು ಬಂತು, ಅಜ್ಜಿ ಕಥೆಯನ್ನು ಕೈಗೆತ್ತಿಕೊಂಡಳು, ಮುಂದಿನ ರಜೆಗೆ ಬರುವಷ್ಟರಲ್ಲಿ ಕರ್ನಲ್ಲಿಗೆ ಮೀಸೆ ಬಂದಿತ್ತು. ಅದರ ಮುಂದಿನ ರಜೆಗೆ ಅವನಿಗೆ ಒಬ್ಬ ಹೆಂಡತಿ, ಅವಳಿಗೆ ನಮ್ಮಜ್ಜಿಯ ಹುರುಳಿ ಬಸ್ಸಾರಿನ ಮೇಲೆ ಪ್ರಾಣ. ಅರವತ್ತು ವರ್ಷ ಎಲ್ಲರ ಬಾಯಿಂದ ಕೇಳಿ ಕೇಳಿ ನನ್ನ ಸುಳ್ಳನ್ನು ನಾನೇ ನಂಬಿದ್ದೆ. ಈಗ ಅದನ್ನು ಫಾರ್ಮಿನಲ್ಲಿ ಬರೆದು, ಸಹಿ ಹಾಕಿ, ಪೋಸ್ಟ್ ಕೂಡ ಮಾಡಿಯಾಗಿತ್ತು.

ಎಕ್ಸ್‌ಪರ್ಟು ಬರುವ ದಿನ ನಾನು ಒಂದು ಅಪರಾಧ ಮಾಡಿದೆ. ಟ್ಯಾಂಕಿನ ಮೇಲಿನ ಬನ್ನು ಕಾಣದ ಹಾಗೆ ದಪ್ಪನೆಯ ಚೆಂಡುಹೂವಿನ ಹಾರ ಹಾಕಿಸಿದೆ. “ಪೂಜೆ ಮಾಡಿದ್ದೇವೆ” ಎಂದೆ. ಆ ಮಹಾಶಯರು ಭಕ್ತಿಯಿಂದ ಶೂ ಕಳಚಿಟ್ಟು ಕೊಟ್ಟಿಗೆಗೆ ಬಂದರು. ಕೈಗೆ ಬಿಳಿ ಗ್ಲೌಸು, ಒಂದು ಟಾರ್ಚು, ತಗಡೋ ಮೇಲೆ ಮೆತ್ತಿದ ಪುಟ್ಟಿಯೋ ನೋಡಲು ಒಂದು ಅಯಸ್ಕಾಂತ. ಗಾಡಿಯ ಸುತ್ತ ಎರಡು ಗಂಟೆ ಕುಕ್ಕರಗಾಲಿನಲ್ಲಿ ಸುತ್ತಿದರು. ನಿಂಗರಾಜುವಿನ ಹಸುವೊಂದು ಅವರ ನೋಟ್‌ಬುಕ್ಕಿನ ಮೂಲೆ ತಿಂದರೂ ಬೇಜಾರು ಮಾಡಿಕೊಳ್ಳಲಿಲ್ಲ.

“ಫ್ರೇಮ್ ಒರಿಜಿನಲ್ ಮ್ಯಾಡಮ್. ಇಂಜಿನ್ನೂ ಇದರದ್ದೇ. ಸೀಟು ಬೇರೆ ಗಾಡಿಯದ್ದು, ಸೈಲೆನ್ಸರ್ ಬೇರೆಯದ್ದು, ಹೆಡ್‌ಲೈಟಂತೂ ಖಂಡಿತ ಇದರದ್ದಲ್ಲ. ಆದರೆ ಹಿಸ್ಟರಿ ಮಾತ್ರ ಅದ್ಭುತ! ಕರ್ನಲ್ ಕಥೆ ಓದಿ ನಮ್ಮ ಕಮಿಟಿಯವರು ಭಾವುಕರಾಗಿಬಿಟ್ಟರು. ಅದಕ್ಕೆ ನಾಲ್ಕು ಮಾರ್ಕ್ಸು. ಒಟ್ಟು ಅರವತ್ತೆರಡು. ಕಂಗ್ರ್ಯಾಜುಲೇಷನ್ಸ್!”

ಸುಮ್ಮನಿರಬಹುದಿತ್ತು. ನೀವಾಗಿದ್ದರೆ ಸುಮ್ಮನಿರುತ್ತಿದ್ದಿರಿ. ಆದರೆ ನೀವು ಸಿಸ್ಟರ್ ಆಗ್ನೆಸ್ ಅವರ ಕೈಯಲ್ಲಿ ಕಲಿತವರಲ್ಲ. ಸಿಸ್ಟರ್ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಸುಳ್ಳು ಹೇಳಿದ ಹುಡುಗಿಯ ಮುಂದೆ ನಿಂತು, ತಲೆಯನ್ನು ಒಂದು ಕಡೆಗೆ ವಾಲಿಸಿ, “ಈಸ್ ದಟ್ ಸೋ, ಚೈಲ್ಡ್?” ಎಂದಷ್ಟೇ ಕೇಳುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಆದರೂ ಆ ಕೊಟ್ಟಿಗೆಯಲ್ಲಿ, ಗಂಜಲದ ವಾಸನೆಯ ನಡುವೆ, ಹಸುವಿನ ಪಕ್ಕದಲ್ಲೇ ಬಂದು ನಿಂತರು. ನಾನು ಹಾರ ಎತ್ತಿದೆ. ಬನ್ನು ಕಂಡಿತು.

“ಕರ್ನಲ್ ಇರಲಿಲ್ಲ ಸಾರ್” ಎಂದೆ. “ಬೇಕರಿ ಇತ್ತು.”

“ಅಕ್ಕಾ!” ಎಂದು ನಿಂಗರಾಜು ಹಣೆ ಚಚ್ಚಿಕೊಂಡ.

ಮಹಾಶಯರು ಬನ್ನಿನ ಮೇಲೆ ಟಾರ್ಚು ಬಿಟ್ಟು ನೋಡಿ, ರಬ್ಬರ್ ತೆಗೆದು ನಾಲ್ಕು ಮಾರ್ಕ್ಸು ಅಳಿಸಿದರು. ಐವತ್ತೆಂಟು. ಅವರಿಗೂ ಬೇಸರವಾಗಿತ್ತು. “ಮ್ಯಾಡಮ್, ಒಂದು ದಾರಿ ಇದೆ. ಹೆಡ್‌ಲೈಟು ಗಾಡಿಯ ಮುಖ ಇದ್ದ ಹಾಗೆ, ಅದಕ್ಕೇ ಐದು ಮಾರ್ಕ್ಸು. ಒರಿಜಿನಲ್ ಹೆಡ್‌ಲೈಟು ಹುಡುಕಿ ಹಾಕಿಸಿ, ರ‍್ಯಾಲಿಗೆ ಇನ್ನೂ ಹತ್ತು ದಿನ ಇದೆ” ಎಂದು ಹೇಳಿ, ಶೂ ಹಾಕಿಕೊಂಡು ಹೋದರು.

ಹೆಡ್‌ಲೈಟಿನ ಗುಟ್ಟು ಪಾಷಾನಿಗೆ ಗೊತ್ತಿತ್ತು. ಅದನ್ನು ಬಿಚ್ಚಿ, ಮಗುಚಿ, ಒಳಗಡೆ ಉಳಿಯಿಂದ ಕುಟ್ಟಿದ ಮೂರು ಚುಕ್ಕೆ ತೋರಿಸಿದ. “ಈ ಸುತ್ತಮುತ್ತ ಇದೇ ಕಂಪನಿಯ ಗಾಡಿ ಮೂರೇ ಇದ್ದಿದ್ದು ಮೇಡಂ. ಕೊಪ್ಪದ ಡಾಕ್ಟ್ರುದು ಒಂದು, ಆತಗೂರಿನ ಬೆಲ್ಲದ ವ್ಯಾಪಾರಿದು ಒಂದು, ಪೂರಿಗಾಲಿ ಸಿದ್ದರಾಜು ಮೇಷ್ಟ್ರುದು ಒಂದು. ಸಾಮಾನು ಎಲ್ಲೂ ಸಿಗ್ತಿರಲಿಲ್ಲ. ಒಂದು ಗಾಡಿ ಕೆಟ್ರೆ ಇನ್ನೊಂದರಿಂದ ಬಿಚ್ಚಿ ಹಾಕೋದು, ಅದು ಕೆಟ್ರೆ ಮತ್ತೊಂದರಿಂದ. ನಮ್ಮ ಅಬ್ಬಾ ಗುರುತಿಗೆ ಚುಕ್ಕೆ ಹೊಡೀತಿದ್ರು. ಕೊಪ್ಪಕ್ಕೆ ಒಂದು, ಆತಗೂರಿಗೆ ಎರಡು, ಪೂರಿಗಾಲಿಗೆ ಮೂರು. ಸೀಟು ನೋಡಿ, ಎರಡು ಚುಕ್ಕೆ. ಇದು ಗಾಡಿ ಅಲ್ಲ ಮೇಡಂ, ಜಾಯಿಂಟ್ ಫ್ಯಾಮಿಲಿ.”

“ಹಾಗಾದರೆ ಒಂದು ಚುಕ್ಕೆಯ ಹೆಡ್‌ಲೈಟು ಪೂರಿಗಾಲಿಯಲ್ಲಿದೆಯೋ?”

“ಇರಬೇಕು. ಮುಯ್ಯಿಗೆ ಮುಯ್ಯಿ ಅಲ್ವಾ?”

ಮುಯ್ಯಿ ಎಂದರೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಿಮ್ಮ ಗದ್ದೆಯ ನಾಟಿಗೆ ನಾವು ಬಂದರೆ ನಮ್ಮ ನಾಟಿಗೆ ನೀವು. ನಮ್ಮ ಮನೆಯ ಮದುವೆಗೆ ನೀವು ಅಕ್ಕಿ ಹೊತ್ತು ತಂದರೆ ನಿಮ್ಮ ಮನೆಯ ಮದುವೆಗೆ ನಾವು. ಯಾರೂ ಕೇಳುವ ಹಾಗಿಲ್ಲ, ಯಾರೂ ಮರೆಯುವ ಹಾಗೂ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ, ಆ ಎರಡು ಮಾರ್ಕ್ಸಿನ ಆಸೆಯಲ್ಲಿ ನನ್ನ ಬುದ್ಧಿಗೆ ಮಂಕು ಕವಿದಿತ್ತು. ಮೂರು ಚುಕ್ಕೆಯ ಹೆಡ್‌ಲೈಟನ್ನು ಹಳೆಯ ಟವಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು, ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಪೂರಿಗಾಲಿಯಲ್ಲಿಳಿದೆ.

ಮೇಷ್ಟ್ರು ಹೋಗಿ ಎಂಟು ವರ್ಷವಾಗಿತ್ತು. ಅವರ ಹೆಂಡತಿ ಗೌರಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹೆಚ್ಚುಕಡಿಮೆ ನನ್ನ ವಯಸ್ಸೇ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಕನ್ನಡಕ ಹಾಕಿದ ಮೇಷ್ಟ್ರ ಪಟ. ಬಾಗಿಲ ಮೇಲುಗಡೆ ಗೋಡೆಗೆ ಕಚ್ಚಿಸಿದ ದುಂಡನೆಯ ಹೆಡ್‌ಲೈಟು. ಒಳಗೆ ಬಲ್ಬು ಹಾಕಿ ವೈರ್ ಎಳೆದಿದ್ದರು. ಅದು ಅವರ ಪಡಸಾಲೆಯ ದೀಪ.

“ಡಾಕ್ಟ್ರ ಮಗ್ಳಾ ನೀವು? ಕಾನ್ವೆಂಟ್ನೋರು? ಬನ್ನಿ ಬನ್ನಿ, ಕುಂತ್ಕಳಿ” ಎಂದು ಗೌರಮ್ಮ ಮಜ್ಜಿಗೆ ಕೊಟ್ಟರು. ಮಜ್ಜಿಗೆ ಕುಡಿದೆ. ಅವರೆಕಾಯಿ ಸುಲಿಯಲು ಕೈ ಜೋಡಿಸಿದೆ. ಮಾತು ಹದಕ್ಕೆ ಬಂದಿದೆ ಅನ್ನಿಸಿದಾಗ ಬ್ಯಾಗಿನಿಂದ ಟವಲಿನ ಗಂಟು ತೆಗೆದಿಟ್ಟು, “ಇದು ನಿಮ್ಮ ಗಾಡಿಯದ್ದಂತೆ ಗೌರಮ್ಮನವರೇ. ಆ ಮೇಲಿರುವುದು ನಮ್ಮಪ್ಪನದು. ಒಂದು ಸಣ್ಣ ಎಕ್ಸ್‌ಚೇಂಜ್ ಮಾಡಿಕೊಳ್ಳೋಣ ಅಂತ...” ಎಂದೆ.

ಗೌರಮ್ಮನ ಕೈ ನಿಂತಿತು. ಅವರು ಟವಲಿನ ಗಂಟನ್ನು ಬಿಚ್ಚಲಿಲ್ಲ, ಮುಟ್ಟಲೂ ಇಲ್ಲ. ಎದ್ದು ಒಳಗೆ ಹೋಗಿ ಒಂದು ಸ್ಟೂಲು, ಒಂದು ಸ್ಕ್ರೂಡ್ರೈವರ್ ತಂದು ನನ್ನ ಮುಂದಿಟ್ಟರು.

“ಬಿಚ್ಕಳಿ.”

“ಅಯ್ಯೋ, ನಾನೇ ಹತ್ತಬೇಕೆ?”

“ಮತ್ತಿನ್ಯಾರು? ಕೊಟ್ಟೋರು ಕೇಳ್ಕಂಡು ಬಂದಾಗ ನಾನು ಇಲ್ಲ ಅನ್ನಕ್ಕಾಯ್ತದಾ? ಆದ್ರೆ ನನ್ ಕೈಲಿ ಮಾತ್ರ ಬಿಚ್ಚಕ್ಕಾಗಲ್ಲ ಕಣಕ್ಕ. ಅದು ನಮ್ಮನೇಗೆ ಯೆಂಗ್ ಬಂತು ಅಂತ ಗೊತ್ತಾ ನಿಮ್ಗೆ?”

“ಮೇಷ್ಟ್ರದ್ದು ಕೆಟ್ಟಿತ್ತೇನೋ.”

“ಕೆಡ್ಲಿಲ್ಲ. ಒಡುದ್ರು.” ಗೌರಮ್ಮ ಮತ್ತೆ ಕೂತರು. “ಇಸ್ಕೂಲಿಗೆ ಓಗೋ ದಾರೀಲಿ ಒಂದೂರು. ಯಾವೂರು ಅಂತ ಬ್ಯಾಡ ಬುಡಿ, ಈಗ ಆ ಊರ್ನೋರೇ ಬಂದು ನಮ್ಮನೇಲಿ ಊಟ ಮಾಡ್ಕಂಡೋಯ್ತರೆ. ಆಗ, ‘ನಮ್ ಬೀದೀಲಿ ನಿಮ್ಮೋರು ಗಾಡಿ ಮೇಲೆ ಕುಂತು ಓಗ್ಬಾರ್ದು, ಇಳ್ದು ತಳ್ಕಂಡು ಓಗು’ ಅಂದ್ರು. ಇವ್ರು ಇಳೀನಿಲ್ಲ. ಕಲ್ಲು ತಗಂಡು ಲೈಟಿಗೆ ಹೊಡುದ್ರು. ಮಾರ್ನೇ ದಿನ ನಿಮ್ಮಪ್ಪ ಅದೇ ಊರ್ಗೆ ದನ ನೋಡಕ್ಕೆ ಬಂದವ್ರೆ. ಸುದ್ದಿ ತಿಳ್ದು, ಇವ್ರನ್ನ ಅಲ್ಲಿಗೇ ಕರ್ಸಿ, ಆ ಊರ್ನೋರೆಲ್ಲ ನೋಡ್ತಾ ನಿಂತಿದ್ದಂಗೆ, ಅರಳೀಕಟ್ಟೆ ತಾವ ತಮ್ ಗಾಡಿ ಲೈಟು ಬಿಚ್ಚಿ ಇವ್ರ ಗಾಡಿಗೆ ಆಕುದ್ರು. ‘ಮುಯ್ಯಿ ಕಣ್ ಮೇಷ್ಟ್ರೇ, ಯಾವಾಗ್ಲಾದ್ರೂ ತೀರ್ಸಿ’ ಅಂತ ಜೋರಾಗ್ ಏಳಿದ್ರಂತೆ. ನಮ್ ಮನೆ ಜತೆ ಯಾರ್ ಮುಯ್ಯಿ ಮಾಡೋರು ಆಗ? ಆಳು ಅಂತ ಕರೆಯೋರು, ಮುಯ್ಯಾಳು ಅಂತ ಕರೀತಿರ್ಲಿಲ್ಲ.”

ನಾನು ಸ್ಟೂಲನ್ನು ನೋಡುತ್ತ ಕೂತಿದ್ದೆ. ಎಷ್ಟೋ ತಿಂಗಳು ಅಪ್ಪ ಕತ್ತಲಾಗುವ ಮೊದಲೇ ಮನೆ ಸೇರುತ್ತಿದ್ದದ್ದು, “ಈಗೀಗ ಬುದ್ಧಿ ಬಂತು” ಎಂದು ಅಜ್ಜಿ ಖುಷಿಪಟ್ಟದ್ದು ನೆನಪಾಯಿತು. ಗಾಡಿಗೆ ಕಣ್ಣಿರಲಿಲ್ಲ, ಅಷ್ಟೇ.

“ಆರ್ ತಿಂಗ್ಳಾದ್ಮೇಲೆ ಇವ್ರು ಮೈಸೂರ್ನಲ್ಲಿ ಹುಡ್ಕಿ ಹುಡ್ಕಿ ಇನ್ನೊಂದು ಲೈಟು ತಂದು, ಮೂರ್ ಚುಕ್ಕೆ ಹೊಡ್ಸಿ, ನಿಮ್ಮಪ್ಪನ ಗಾಡಿಗೆ ಆಕ್ಬಂದ್ರು. ನೀವೀಗ ಟವಲ್ನಲ್ಲಿ ಕಟ್ಕಂಡು ಬಂದಿದೀರಲ್ಲ, ಅದೇ.” ಗೌರಮ್ಮ ಗಂಟಿನ ಕಡೆ ಗದ್ದ ತೋರಿಸಿದರು. “ಗಾಡಿ ಗುಜ್ರಿಗೆ ಓಯ್ತು. ಲೈಟೊಂದ ಕೊಡ್ನಿಲ್ಲ. ಇವ್ರೇ ಅಲ್ಲ್ ಮೇಲೆ ಕಚ್ಚುಸುದ್ರು. ಈಗ ಅದ್ನ ನೀವ್ ತಗಂಡು, ಇದ್ನ ನಂಗೆ ಕೊಟ್ಬುಟ್ರೆ, ಕೊಟ್ಟದ್ದೂ ಇಲ್ಲ, ತಗಂಡದ್ದೂ ಇಲ್ಲ. ಅಂಗಾಯ್ತದೆ.”

ಇಂಗ್ಲಿಷ್ ಟೀಚರಾಗಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದ್ದೇನೆ. ‘ಸಾರಿ’ಗೆ ಕನ್ನಡ ಹುಡುಕುತ್ತ ಅವರೆಕಾಯಿಯನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಿದ್ದೆ.

“ಯಾಕ್ ಬೇಕಾಗಿತ್ತು ಈಗ?” ಎಂದು ಗೌರಮ್ಮ ಸ್ವಲ್ಪ ಮೆತ್ತಗಾಗಿ ಕೇಳಿದರು.

ಹೇಳಿದೆ. ಕ್ಲಬ್ಬು, ಕರ್ನಲ್ಲು, ಬನ್ನು, ಐವತ್ತೆಂಟು, ಎಲ್ಲವನ್ನೂ ಹೇಳಿದೆ. ಮೇಕೆಮರಿಯ ವಿಷಯವನ್ನೂ ಬಿಡಲಿಲ್ಲ. ಗೌರಮ್ಮ ಗಂಭೀರವಾಗಿ ಕೇಳಿದರು.

“ಎಷ್ಟು ಕಮ್ಮಿ?”

“ಎರಡು ಮಾರ್ಕ್ಸು.”

“ಎರಡು ಮಾರ್ಕ್ಸಿಗೆ ನಮ್ಮನೆ ದೀಪ ಬಿಚ್ಚಕ್ ಬಂದ್ರಾ?” ಎಂದು ಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗಲು ಶುರುಮಾಡಿದರು. “ನಮ್ ಮೇಷ್ಟ್ರು ಪರೀಕ್ಷೇಲಿ ಎರಡು ಮಾರ್ಕ್ಸು ಸುಮ್ನೆ ಆಕ್ಬುಡೋರು ಕಣಕ್ಕ, ಐಕ್ಳು ಪೇಲಾಗ್ಬಾರ್ದು ಅಂತ! ಯಾವ್ ಸೀಮೆ ಪರೀಕ್ಷೆಯವ್ವ ನಿಮ್ದು!” ನನಗೂ ನಗು ಬಂತು. ನಕ್ಕೂ ನಕ್ಕೂ ಇಬ್ಬರು ಮುದುಕಿಯರಿಗೂ ಕೊನೆಗೆ ಯಾಕೆ ನಗುತ್ತಿದ್ದೇವೆಂದೇ ಮರೆತುಹೋಯಿತು. ಟವಲಿನ ಗಂಟನ್ನು ಬಿಚ್ಚದೆ ಹಾಗೆಯೇ ಬ್ಯಾಗಿಗೆ ವಾಪಸ್ ಹಾಕಿಕೊಂಡೆ. ಹೊರಡುವಾಗ ಗೌರಮ್ಮ ಸುಲಿದ ಅವರೆಕಾಳೆಲ್ಲವನ್ನೂ ಕಟ್ಟಿಕೊಟ್ಟರು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಬದಲಿಗೆ, ಕೊಪ್ಪಕ್ಕೆ ಬನ್ನಿ ಎಂದು ಕರೆದೆ.

ಐವತ್ತೆಂಟು ಐವತ್ತೆಂಟೇ ಆಗಿ ಉಳಿಯಿತು. ಕ್ಲಬ್ಬಿನವರು ಬಹಳ ಮರ್ಯಾದೆಯ ಒಂದು ಪತ್ರ ಬರೆದು, ಮೇಲ್ಕಂಡ ವಾಹನವನ್ನು ಸೇರಿಸಿಕೊಳ್ಳಲು ಆಗುವುದಿಲ್ಲವೆಂದು ತಿಳಿಸಿದರು. ಪತ್ರ ತೋರಿಸಿದಾಗ ನಿಂಗರಾಜು ಟವಲಿನ ಗಂಟು ಬಿಚ್ಚಿದ. ಹೆಡ್‌ಲೈಟನ್ನು ಅದರ ಜಾಗಕ್ಕೆ ಕೂರಿಸಿ, ಸ್ಕ್ರೂ ಬಿಗಿ ಮಾಡುತ್ತ ಕೇಳಿದ: “ಅಕ್ಕಾ, ನಾಲೆ ಏರಿ ರೋಡಾ?”

“ರೋಡು ಅಂದರೆ?”

“ರೋಡಲ್ಲ ಅದು, ನೀರಾವರಿಯೋರ್ದು. ಅಲ್ಲಿ ದನ ಓಯ್ತವೆ, ಗಾಡಿ ಓಯ್ತವೆ. ಯಾವ್ ಪೋಲೀಸ್ನೋನು ಬಂದಾನು ಅಲ್ಲಿಗೆ? ಮಳವಳ್ಳಿಗಂಟ ಆಗಕ್ಕಿಲ್ಲ. ತೂಬಿನ್ ತಾವಿಂದ ಒಂದ್ ರೌಂಡು ಕರ್ಕಂಡೋಯ್ತೀನಿ.”

ರ‍್ಯಾಲಿಯ ದಿನವೇ ಹೋದೆವು. ಹೊಳೆಯುವ ಗಾಡಿಗಳೆಲ್ಲ ಮದ್ದೂರಿನ ಹೆದ್ದಾರಿಯಲ್ಲಿ ಹೋಗುತ್ತಿದ್ದ ಹೊತ್ತಿಗೆ ನಾವು ಕೊಪ್ಪದ ನಾಲೆ ಏರಿಯ ಮೇಲೆ, ತೂಬಿನ ಪಕ್ಕದಲ್ಲಿ ನಿಂತಿದ್ದೆವು. ಮಾತಿಗೆ ಕರೆದದ್ದನ್ನು ನಿಜವೆಂದು ತಿಳಿದು, ಎರಡು ಬಸ್ಸು ಬದಲಾಯಿಸಿ ಗೌರಮ್ಮನೂ ಬಂದಿದ್ದರು. ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು, ಏಸುವನ್ನೂ ಮಾದಪ್ಪನನ್ನೂ ಒಟ್ಟಿಗೆ ನೆನೆದು ಮುಂದಕ್ಕೆ ಹೆಜ್ಜೆ ಇಟ್ಟೆ. ಗೌರಮ್ಮ ಕೈ ಅಡ್ಡ ಹಿಡಿದರು.

“ಗಾಡಿ ಮುಂದ್ಗಡೆ ನಮ್ಮನೇದು. ನಾನು ಮೊದ್ಲು.”

ಕಾನೂನಿನ ಪ್ರಕಾರ ಅವರ ಮಾತು ಸರಿ. ನಿಂಗರಾಜುವಿನ ಹಿಂದೆ ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತು, ಅವನ ಹೆಗಲು ಹಿಡಿದು, ಗೌರಮ್ಮ ಡುಗುಡುಗು ಎಂದು ಹೊರಟೇಹೋದರು. ಅರವತ್ತೈದು ವರ್ಷ ಕಾದವಳು ನಾನು, ಅವರ ಚಪ್ಪಲಿಯನ್ನೂ ಬ್ಯಾಗನ್ನೂ ಹಿಡಿದುಕೊಂಡು ಏರಿಯ ಮೇಲೆ ನಿಂತೆ. ಸದ್ದು ದೂರವಾಯಿತು. ಮತ್ತೆ ಹತ್ತಿರವಾಯಿತು. ಗಾಡಿ ನನ್ನ ಮುಂದೆ ಬಂದು ನಿಂತಾಗ ಗೌರಮ್ಮನ ಕೂದಲೆಲ್ಲ ಕೆದರಿ, ಮುಖ ಹುಡುಗಿಯ ಮುಖದ ಹಾಗಾಗಿತ್ತು. ಅವರು ಇಳಿಯಲಿಲ್ಲ.

“ಇನ್ನೊಂದ್ ರೌಂಡು ಕಣಪ್ಪ” ಎಂದರು.

ಇನ್ನೊಂದು ರೌಂಡೂ ಆಯಿತು. ಕೊನೆಗೆ ಅವರು ಇಳಿದರು, ಅಷ್ಟಕ್ಕೇ ಇಂಜಿನ್ ನಿಂತಿತು. ನಿಂಗರಾಜು ಕಿಕ್ಕರ್ ಒದ್ದ. ಒದ್ದ. ಬೈದುಕೊಂಡು ಒದ್ದ. ಅದರ ತಾಯಿಯನ್ನು ನೆನೆದು ಒದ್ದ. ಗಾಡಿ ಮಿಸುಕಲಿಲ್ಲ. ಕೊನೆಗೆ ಅವನು ಹತ್ತಿ ಕೂತ, ಗೌರಮ್ಮ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ತಳ್ಳಿದೆವು. ಹತ್ತು ಮಾರು ಹೋಗುವಷ್ಟರಲ್ಲಿ ಅದು ಕೆಮ್ಮಿ, ಸೀನಿ, ಧಡಕ್ಕನೆ ಸ್ಟಾರ್ಟ್ ಆಗಿ ನಿಂಗರಾಜುವನ್ನು ಹೊತ್ತುಕೊಂಡು ಹೊರಟೇಬಿಟ್ಟಿತು. ನಾವಿಬ್ಬರೂ ಹೊಗೆಯಲ್ಲಿ ನಿಂತಿದ್ದೆವು. ಮುಂದೆ ತಿರುಗಿಸಿಕೊಂಡು ವಾಪಸ್ ಬರುತ್ತ ಅವನು ಕೂಗುತ್ತಿದ್ದ:

“ನಿಲ್ಸುದ್ರೆ ಆಫಾಯ್ತದೆ ಕಣಕ್ಕೋ! ನಾನ್ ನಿಲ್ಸಕ್ಕಿಲ್ಲ! ಮೆಲ್ಲುಗ್ ಬತ್ತೀನಿ, ನೀನು ತೂಬಿನ್ ಕಟ್ಟೆ ಮೇಲೆ ನಿಂತ್ಕಂಡು ಅಂಗೇ ಹತ್ಬುಡು!”

“ಹುಚ್ಚೇನೋ ನಿನಗೆ? ನನಗೆ ಎಪ್ಪತ್ತಾರೋ!” ಎಂದು ನಾನೂ ಕೂಗಿದೆ. ಕೂಗುತ್ತಲೇ ತೂಬಿನ ಕಟ್ಟೆ ಹತ್ತಿದ್ದೆ. ಹೇಗೆ ಹತ್ತಿದೆನೋ ಗೊತ್ತಿಲ್ಲ. ಕಟ್ಟೆ ಸರಿಯಾಗಿ ಸೀಟಿನ ಎತ್ತರಕ್ಕಿತ್ತು. ಕೆಳಗೆ ಒಂದು ಕಡೆ ನಾಲೆಯ ನೀರು, ಒಂದು ಕಡೆ ಯಾರದೋ ಕಬ್ಬಿನ ಗದ್ದೆ. ನಿಂಗರಾಜು ನಡಿಗೆಯ ವೇಗದಲ್ಲಿ ಬರುತ್ತಿದ್ದ, ಬಾಯಿ ಬಿಗಿದುಕೊಂಡು, ಕಟ್ಟೆಗೆ ಒತ್ತರಿಸಿಕೊಂಡು.

“ಒಂದು,” ಎಂದರು ಗೌರಮ್ಮ ನನ್ನ ಹಿಂದಿನಿಂದ, ನನ್ನ ಸೊಂಟ ಹಿಡಿದು. “ಎರಡು...”

ಮೂರು ಅನ್ನುವವರೆಗೆ ಕಾಯಲಿಲ್ಲ, ಎರಡಕ್ಕೇ ತಳ್ಳಿಬಿಟ್ಟರು.

ಹತ್ತಿದೆ.